ನಾನು ಬೇಡವೆಂದ ಔಷಧಿ

ಆಸ್ಪತ್ರೆಯ ಮೂರನೇ ಮಹಡಿಯಿಂದ,
ಮಾರ್ಚ್ ೧೨, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಹಡಗಿನ ಇಂಜಿನ್ ಕೋಣೆಯ ಸೆಕೆಗೆ ಮೈಮೇಲೆ ಎದ್ದಿದ್ದ ಗುಳ್ಳೆಗಳು ಇಳಿದವೇ? ಹೊತ್ತುಹೊತ್ತಿಗೆ ಊಟ ಮಾಡುತ್ತೀಯೋ, ಇಲ್ಲ ಯಂತ್ರಗಳಿಗೆ ಎಣ್ಣೆ ಕುಡಿಸಿ ನೀನು ಹಸಿದುಕೊಂಡಿರುತ್ತೀಯೋ? ಮುಂದಿನ ಬಂದರಿನಲ್ಲಿ ನಿನ್ನ ಕೈಸೇರಲೆಂದು ಇದನ್ನು ಬರೆಯುತ್ತಿದ್ದೇನೆ. ಪಕ್ಕದಲ್ಲೇ ಅಮ್ಮ ಮಲಗಿದ್ದಾಳೆ, ಕೈಗೆ ಡ್ರಿಪ್ ಹಾಕಿದ್ದಾರೆ. ಒಂದು ಕಣ್ಣು ಅವಳ ಮುಖದ ಮೇಲೇ ಇರುವುದರಿಂದ ಅಕ್ಷರ ಸೊಟ್ಟಗಾದರೆ ಬೈಯಬೇಡ.

ಹಳೆಯ ಔಷಧಿಗೆ ಅವಳ ಹೃದಯ ಸೋತಿತೆಂದು ಡಾಕ್ಟರು ನಿಲ್ಲಿಸಿದ್ದು ನಿನಗೆ ಗೊತ್ತು. ಈಗ ಕೊಡುತ್ತಿರುವುದೂ ಅದೇ ಔಷಧಿ, ಆದರೆ ಕೊಬ್ಬಿನ ನ್ಯಾನೊಕಣಗಳೊಳಗೆ ತುಂಬಿದ್ದು. ಇದೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ನಾನು ಕೆಲಸ ಮಾಡುವ ವಿಭಾಗದಲ್ಲೇ ಅದು ತಯಾರಾಗುತ್ತದೆ. ಒಂದು ಕೂದಲಿನ ದಪ್ಪದಲ್ಲಿ ನೂರಾರು ಕಣಗಳು ಸಾಲಾಗಿ ನಿಲ್ಲುವಷ್ಟು ಚಿಕ್ಕವು. ಒಳ್ಳೆಯ ರಕ್ತನಾಳಗಳ ಗೋಡೆ ಬಿಗಿ, ಅಲ್ಲಿ ನುಸುಳಲಾರವು. ಕ್ಯಾನ್ಸರ್ ಗಡ್ಡೆಯ ನಾಳಗಳು ಸೋರುತ್ತವೆ, ಅಲ್ಲಿ ಹೊಕ್ಕು ಔಷಧಿ ಬಿಡುತ್ತವೆ. ಇದನ್ನು ಹೇಳಿದಾಗ ಅಮ್ಮ, ಇಷ್ಟು ವರ್ಷ ಶಾಲೆಯ ಬಸ್ಸು ಓಡಿಸಿದವಳಲ್ಲವೇ, "ಅಂದ್ರೆ ಸರಿಯಾದ ಸ್ಟಾಪಲ್ಲೇ ಇಳಿಯೋ ಮಕ್ಕಳು ಅನ್ನು" ಎಂದಳು. ಎಲ್ಲವೂ ಹಾಗಲ್ಲ, ಎಷ್ಟೋ ಲಿವರ್‌ನಲ್ಲೇ ಉಳಿದುಬಿಡುತ್ತವೆ ಎಂದೆ. "ನಿದ್ದೆ ಹೊಡೆಯೋರು ಎಲ್ಲ ಬಸ್ಸಲ್ಲೂ ಇರ್ತಾರೆ ಬಿಡು."

ಈ ಔಷಧಿ ಕಳೆದ ವಾರವೇ ಅವಳ ಮೈಗೆ ಹೋಗಬೇಕಿತ್ತು. ತಡೆದವಳು ನಾನು. ಕಣಗಳ ಗಾತ್ರ ಅಳೆಯುವುದು ನನ್ನ ಕೆಲಸ. ಆ ಬ್ಯಾಚಿನಲ್ಲಿ ಕೆಲವು ಒಂದಕ್ಕೊಂದು ಅಂಟಿ ಮುದ್ದೆಯಾದಂತೆ ಕಂಡವು. ಅಂಥವು ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡರೆ ಕಷ್ಟ. ಮತ್ತೆ ಅಳೆದೆ, ಸರಿಯಾಗಿ ಬಂತು. ಅಕ್ಕಾ, ಆ ಗಳಿಗೆಯಲ್ಲಿ ಸಹಿ ಹಾಕಿಬಿಡಬೇಕೆನಿಸಿತು. ಮೇಲಿನ ವಾರ್ಡಿನಲ್ಲಿ ಅಮ್ಮ ಸೂಜಿ ಚುಚ್ಚಿಸಿಕೊಂಡು ಕಾಯುತ್ತಿದ್ದಳು, ಗಡ್ಡೆ ಬೆಳೆಯುತ್ತಿತ್ತು. ಮನಸ್ಸು ತಡೆಯದೆ ಇನ್ನೊಮ್ಮೆ ಅಳೆದೆ. ಮತ್ತೆ ಮುದ್ದೆ. ನಮ್ಮ ಮುಖ್ಯಸ್ಥರು ಕೆಟ್ಟವರಲ್ಲ, ನನ್ನ ಮುಖ ನೋಡಿಯೇ, "ಸರಾಸರಿ ಸರಿಯಾಗೇ ಇದೆಯಲ್ಲಮ್ಮಾ, ಮೇಲೆ ಎಲ್ಲ ಕಾಯ್ತಿದ್ದಾರೆ" ಎಂದರು. ಕೊಡುವುದು ಬೇಡ ಸಾರ್ ಎಂದೆ. ನನ್ನ ದನಿ ನನಗೇ ಬೇರೆಯವರದ್ದೆನಿಸಿತು.

ಮೇಲೆ ಬಂದು, ಮೂರು ಸಲ ಅಳೆದದ್ದನ್ನೂ ಬ್ಯಾಚು ಬೇಡವೆಂದದ್ದನ್ನೂ ವಾರ್ಡಿನಲ್ಲಿ ಹೇಳಿದಾಗ ಅಮ್ಮ ಕೇಳಿದ್ದು ಒಂದೇ: "ನನಗೊಬ್ಬಳಿಗೆ ಬೇಡವೋ, ಎಲ್ಲರಿಗೂ ಬೇಡವೋ?" ಎಲ್ಲರಿಗೂ ಎಂದೆ. "ಹಾಗಾದ್ರೆ ಸೂಜಿ ತೆಗೆಸು, ಹೊಟ್ಟೆ ಹಸೀತಿದೆ" ಎಂದಳು. ಪಕ್ಕದ ಹಾಸಿಗೆಯ ಗಡಿಯಾರ ರಿಪೇರಿಯವರಿಗೂ ಅದೇ ಬ್ಯಾಚು. ಅವರ ಹೆಂಡತಿ ಎಲ್ಲರ ಎದುರಿಗೇ, "ನಿಮ್ಮಮ್ಮನಿಗೆ ಏನಾದ್ರೂ ಆಗುತ್ತೆ ಅಂತ ನಮ್ಮವರ ಔಷಧಿನೂ ಕಿತ್ಕೊಂಡ್ರಾ?" ಎಂದರು. ಈಗ ಆಕೆಯ ಗಂಡ ಜ್ವರ ಬಂದು ದಾಖಲಾಗಿದ್ದಾರೆ. ಆಮೇಲೆ ಹೊಸದಾಗಿ ಮಾಡಿ, ಇವತ್ತು ಅಮ್ಮನಿಗೆ ಹಾಕಿರುವ ಈ ಬ್ಯಾಚನ್ನೂ ಜ್ವರ ಇಳಿಯುವವರೆಗೆ ಅವರಿಗೆ ಕೊಡುವಂತಿಲ್ಲ. ಬೆಳಿಗ್ಗೆಯಿಂದ ಆಕೆ ನನ್ನತ್ತ ತಿರುಗಿಯೂ ನೋಡಿಲ್ಲ.

ಇಲ್ಲಿ ಪೆನ್ನು ಕೆಳಗಿಡಬೇಕಾಯಿತು. ಅಮ್ಮನ ಮುಖ ಇದ್ದಕ್ಕಿದ್ದಂತೆ ಕೆಂಪೇರಿತು. "ಎದೆ ಬಿಗೀತಿದೆ ಕಣೇ, ಸೊಂಟಾನೂ ನೋಯ್ತಿದೆ" ಎಂದು ಸೊಂಟ ಹಿಡಿದುಕೊಂಡಳು. ಈ ಔಷಧಿ ಮೊದಲ ಸಲ ಒಳಗೆ ಹೋದಾಗ ಕೆಲವರಿಗೆ ಹೀಗಾಗುತ್ತದೆಂದು ಓದಿ ಬಲ್ಲೆ. ಆದರೂ ನಾನೇ ಪಾಸು ಮಾಡಿದ ಬ್ಯಾಚು, ನಾನೇ ಎಲ್ಲೋ ಎಡವಿದೆನೇನೋ ಎಂದು ಬಾಟಲಿಯ ಮೇಲಿನ ಬ್ಯಾಚ್ ಸಂಖ್ಯೆ ಓದುತ್ತಾ ನಿಂತುಬಿಟ್ಟೆ. ನರ್ಸನ್ನು ಕರೆತರಲು ಓಡಿದ್ದು ಪಕ್ಕದ ಹಾಸಿಗೆಯ ಆಕೆ. ನರ್ಸ್ ಡ್ರಿಪ್ ನಿಲ್ಲಿಸಿ ಇಂಜೆಕ್ಷನ್ ಕೊಟ್ಟರು. ಆಕೆ ಅಮ್ಮನ ಬೆನ್ನು ನೀವುತ್ತಾ, "ಉಸಿರು ಬಿಡಿ, ನಿಧಾನ" ಎನ್ನುತ್ತಲೇ ಇದ್ದರು. ಕೆಂಪು ಇಳಿಯಿತು. ಡಾಕ್ಟರು ಬಂದು ನೋಡಿ, ಹನಿ ತೀರಾ ನಿಧಾನ ಮಾಡಿ ಮತ್ತೆ ಶುರುಮಾಡಿಸಿದರು. ಈ ಸಲ ಮೈ ಒಪ್ಪಿಕೊಂಡಿತು. ಅಮ್ಮ ಈಗ ಗೊರಕೆ ಹೊಡೆಯುತ್ತಿದ್ದಾಳೆ, ಬಾಟಲಿ ಖಾಲಿಯಾಗುತ್ತಾ ಬಂದಿದೆ. ಪಕ್ಕದ ಹಾಸಿಗೆಯ ಆಕೆಗೆ ಥ್ಯಾಂಕ್ಸ್ ಹೇಳಲು ಹೋದೆ. "ನಮ್ಮವರಿಗೆ ಮಾಡೋವಾಗಲೂ ಹಂಗೇ ಮೂರು ಸಲ ನೋಡಿ" ಎಂದಷ್ಟೇ ಹೇಳಿ ಮುಖ ತಿರುಗಿಸಿಕೊಂಡರು.

ಅಮ್ಮ ಎಚ್ಚರವಿದ್ದಿದ್ದರೆ ನಿನಗೆ ಆಶೀರ್ವಾದದ ಜೊತೆ ನಾಲ್ಕು ಬೈಗುಳವನ್ನೂ ಬರೆಸುತ್ತಿದ್ದಳು. ಎರಡೂ ತಲುಪಿದವೆಂದುಕೋ. ಹುಷಾರಾಗಿರು.

ನಿನ್ನ ತಂಗಿ,
ಕಡ್ಡಿ

ಮರೆತ ಮಾತು: ಮರೆತಿರಲಿಲ್ಲ, ಅಮ್ಮ ಬರೆಯಬೇಡ ಎಂದಿದ್ದಳು. ಈ ಔಷಧಿ ಹಿಡಿದರೂ ಗಡ್ಡೆ ಬೆಳೆಯದಂತೆ ಸ್ವಲ್ಪ ಕಾಲ ತಡೆಯಬಲ್ಲದು, ಅಷ್ಟೇ, ಪೂರ್ತಿ ವಾಸಿಯಾಗುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದಾರೆ. ಅಮ್ಮನಿಗೂ ಗೊತ್ತು. ಆ ಕಾಲವನ್ನೆಲ್ಲ ನಾನೊಬ್ಬಳೇ ಅನುಭವಿಸುವುದು ನ್ಯಾಯವಲ್ಲ. ಈ ಪತ್ರ ಸಿಕ್ಕಿದ ಬಂದರಿನಲ್ಲೇ ಇಳಿದು ಬಾ ಅಕ್ಕಾ.