ಮುಚ್ಚಳದ ಹಿಂದಿನ ಮದುಮಗಳು

ಕೊಪ್ಪಳ, ೧೬ ಜನವರಿ ೨೦೨೫

ರೇಂಜ್‌ಫೈಂಡರ್ ರೀಲ್ ಕ್ಯಾಮೆರಾ ಹೊಸಾದು ತಗೊಳ್ಳೂದೋ ಹಳೇದೋ, ವಾರದಿಂದ ಇದೊಂದ ತಲಿಯೊಳಗ. ತಮ್ಮ ಸುಭಾಷ್, "ಹೊಸಾದು ತಗೋ ಅಕ್ಕಾ, ಗ್ಯಾರಂಟಿ ಇರತೈತಿ" ಅಂತಾನ.

ಇವತ್ತ ಗಂಗಾವತಿಗೆ ಹೋಗಿ, ಫೋಟೋ ಸ್ಟುಡಿಯೋದ ಅಬ್ದುಲಸಾಬರ ಹಳೇ ಕ್ಯಾಮೆರಾ ನೋಡಿದೆ. ಕ್ಯಾಮೆರಾದ ಸಣ್ಣ ಕಿಟಕಿಗೆ ಕಣ್ಣಿಟ್ಟರ ಅವರ ಹೆಂಡತಿ ಸರ್ದಾರಬೀ ಇಬ್ಬರಾಗಿ ಕಂಡರು. ಲೆನ್ಸಿನ ರಿಂಗ್ ತಿರುವಿದೆ. ಇಬ್ಬರೂ ಮೆಲ್ಲಕ ಸರಿದು ಬಂದು ಒಬ್ಬರಾದರು, ಫೋಕಸ್ ಕೂಡಿತು. ಬಟನ್ ಒತ್ತಿದೆ.

"ಲೆನ್ಸಿನ ಮುಚ್ಚಳಾನ ತಗೀಲಿಲ್ಲಲ್ಲಾ ತಂಗಿ" ಅಂದರು ಅಬ್ದುಲಸಾಬರು.

ನೋಡೂ ಕಿಟಕಿ ಬ್ಯಾರೆ, ಫೋಟೋ ಹಿಡಿಯೂ ಲೆನ್ಸ್ ಬ್ಯಾರೆ. ನನಗ ಎಲ್ಲಾ ಕಂಡಿತ್ತು, ರೀಲಿಗೆ ಏನೂ ಕಂಡಿದ್ದಿಲ್ಲ.

ಸರ್ದಾರಬೀ ನಕ್ಕರು. "ನಮ್ಮ ಶಾದಿ ದಿನ ಇದ ಕ್ಯಾಮೆರಾದಾಗ ಇವರೂ ಹಿಂಗ ಮಾಡಿದ್ರವಾ. ಇಡೀ ರೀಲಿನಾಗ ಒಂದೂ ಫೋಟೋ ಮೂಡಲಿಲ್ಲ. ಮದುಮಗಳಾಗಿ ನಾ ಹೆಂಗಿದ್ದೆ ಅನ್ನೂದು ಇವರೊಬ್ಬರಿಗೇ ಗೊತ್ತು."

ಅಬ್ದುಲಸಾಬರು ಕೇಳದವರಂಗ ಲೆನ್ಸ್ ಒರಸ್ತಾ ಕುಂತರು. ಕಿವಿ ಕೆಂಪಾಗಿದ್ದವು.

ಹಳೇದನ್ನ ತಂದೀನಿ. ಸುಭಾಷಗ ಏನಂತ ಹೇಳ್ಲಿ. ದಿಂಬಿನ ಬಾಜೂಕ ಐತಿ, ನಿದ್ದಿ ಬರವಲ್ದು. ಮತ್ತೊಮ್ಮೆ ಆ ಕಿಟಕಿಯೊಳಗ ಇಣುಕಿದೆ. ಕತ್ತಲಿ ಬಿಟ್ಟರ ಏನೂ ಇಲ್ಲ, ಆದರ ಆ ಮದುಮಗಳು ಇಬ್ಬರಾಗಿ, ಮತ್ತ ಒಬ್ಬಾಕಿ ಆಗಿ ಅಬ್ದುಲಸಾಬರಿಗೆ ಕಂಡಿದ್ದು ಇದ ಗಾಜಿನಾಗ.