ಮುಳುಗದ ಕಟ್ಟಿಗಿ, ನನ್ನ ಮೀಸಿ

ಹೇಳದೆ ಕೇಳದೆ ಎದ್ದು ಹೋದ ದೋಸ್ತ ಶಿವರಾಜಗ,

ಮ್ಯಾಲ ಆರಾಮ ಇದ್ದೀಯೇನು? ಇರ್ತಿ ಬಿಡು. ತಕಲೀಫ್ ಎಲ್ಲಾ ನನ್ನ ಕೊರಳಿಗಿ ಕಟ್ಟಿ ಹೋದಾವಗ ಆರಾಮ ಇರದೆ ಏನಾಗ್ತದ? ಮೀನು ಸಾಕೋ ಗಾಜಿನ ಪೆಟ್ಟಿಗಿಗಿ ಅಂತ ತಂದಿದ್ದಿಯಲ್ಲ, ನಿನ್ನ ಆ ಹಾಳ ಕಟ್ಟಿಗಿ, ಅದರ ಸಲುವಾಗಿ ಬರಿಯಾಕತ್ತೀನಿ.

ನಾರಾಯಣಖೇಡದಿಂದ ಜಹೀರಾಬಾದಿಗಿ ತಿರುಗಿ ಬರೋ ಟ್ರಿಪ್ ನೆನಪದ ಏನು? ಮಂಜೀರಾ ಸೇತುವಿ ದಾಟಿದ್ದೇ ತಡ, ಗಪ್ಪನೆ ಬ್ರೇಕ್ ಹಾಕಿದಿ. ಪಂಕ್ಚರ್ ಆಗ್ಯಾದ ಅಂತ ನಾ ಇಳಿದ್ರ, ನೀ ಪ್ಯಾಂಟ್ ಮಡಚಿ ಹೊಳಿ ದಂಡಿಗಿ ನಡದಿದ್ದಿ! ಬಸ್ ತುಂಬ ಮಂದಿ. ಹೆಗಲ ಮ್ಯಾಲ ಒಂದು ಒಣ ಬೇರು ಹೊತ್ಕೊಂಡು ಬಂದು, “ಇದರ ಸಂದಿನಾಗ ಮೀನು ಅಡಗಿ ಕೂಡ್ತಾವಲೇ” ಅಂದಿ. ಹಿಂದಿನ ಸೀಟಿನ ಮುದುಕಿ, “ಕಂಡಕ್ಟರಾ, ನಿಮ್ಮ ಡ್ರೈವರಗ ಗಾಳಿ ಬಡದಾದೇನಪಾ?” ಅಂತ ಕೇಳಿದಳು. ನಾ ಏನಂತ ಹೇಳ್ಬೇಕಿತ್ತು? ಇವಗ ಹುಟ್ಟಿದಾಗೇ ಬಡದಾದವ್ವಾ ಅಂದೆ.

ಮುಂದ ತೆಲಂಗಾಣ ರಾಜ್ಯ ಬೇಕಂತ ಮುಷ್ಕರ ಬಂತು, ಬಸ್ ಎಲ್ಲಾ ಡಿಪೋದಾಗ ನಿಂತ್ವು. ತೆಲಂಗಾಣ ಬರೋ ತನ ಸ್ಟೇರಿಂಗ್ ಮುಟ್ಟಂಗಿಲ್ಲ ಅಂದಾವ ನೀ, ಆ ಬೇರು ಮುಟ್ಟಿ ಕೂತಿ. ಚಾಕುಲಿಂದ ಸಿಪ್ಪಿ ಹೆರದಿ, ಕೊಳೆತಿದ್ದು ಕೊರದು ತೆಗದಿ, ತಂತಿ ಬ್ರಷ್ ಹಚ್ಚಿ ತಿಕ್ಕಿದಿ. ನಾ ಜರಾ ಸಾಬಾಣಿ ಹಚ್ಚಾಕ ಹೋದ್ರ ಕೈ ಮ್ಯಾಲ ಹೊಡದಿ, ಮೀನು ಸಾಯ್ತಾವಂತ. ಇನ್ನ ಅದನ್ನ ದಿನಪೂರ್ತಿ ಕುದಸ್ಬೇಕು ಅಂದಿ, ಹುಳ ಸಾಯ್ಬೇಕು, ಒಳಗಿನ ಬಣ್ಣ ಬಿಡಬೇಕು. ಸಿಲಿಂಡರ್ ಸಿಗಲಾರದ ಕಾಲದಾಗ! ನಿನ್ನ ಹೆಂಡ್ತಿ, ನಮ್ಮ ಕಮಲಾ ವೈನಿ, ಸೌಟು ತಗೊಂಡು ನಿನ್ನ ಬೆನ್ನ ಹತ್ತಿದ್ದು ಖರೆನೇ ಅದ.

ಆಗ ನಿನ್ನ ದಿಮಾಗ್ ಓಡ್ತು ನೋಡು! ಹೈವೇ ಮ್ಯಾಲ ಒಲಿ ಹೂಡಿ, ಅಡಿಗಿ ಮಾಡಿ, ಅಲ್ಲೇ ಉಂಡು ಗಾಡಿ ತಡಿಯೋ ಹೋರಾಟ ಇತ್ತಲ್ಲ ಅವತ್ತು? ಮಂದಿ ಅಕ್ಕಿ ತಂದ್ರು, ಬ್ಯಾಳಿ ತಂದ್ರು. ನೀ ಕಟ್ಟಿಗಿ ತಂದಿ. ಒಲಿ ಒಳಗ ಹಾಕಾಕಲ್ಲ, ಒಲಿ ಮ್ಯಾಲ ಇಡಾಕ! ಕಿಚಡಿ ದೇಗಿನ ಬಾಜೂಕ ನಿನ್ನ ಬೇರಿನ ದೇಗು ಕೊತಕೊತ ಕುದ್ದು ನೀರು ಚಾದಂಗ ಕೆಂಪಗಾತು. ಲೀಡರ್ ಸಾಹೇಬ್ರು ಭಾಷಣ ಮಾಡಿ ಗಂಟಲು ಒಣಗಿಸ್ಕೊಂಡು ಬಂದವ್ರು, ಸೀದಾ ಗ್ಲಾಸ್ ಅದ್ದಿ ಒಂದು ಗುಟುಕು ಕುಡದೇ ಬಿಟ್ರು. ನೀ ಕೈಕಟ್ಟಿ ನಿಂತು, “ಸಕ್ಕರಿ ಹಾಕಿಲ್ರಿ ಸಾಹೇಬ್ರ” ಅಂದಿ! ಸುತ್ತ ಮಂದಿ ನೋಡಾಕತ್ತಿದ್ರು, ಪಾಪ ಅವ್ರು ಉಗುಳಾಕೂ ಆಗದೆ ನುಂಗಿ “ಜೈ ತೆಲಂಗಾಣ” ಅಂದ್ರು. ನಾವೂ ಅಂದ್ವಿ.

ಸಂಜಿಕಿ ಅದನ್ನ ನೀರಿನ ಡ್ರಮ್ಮಿನಾಗ ಬಿಟ್ರ, ಟುಬುಕ್ಕನೆ ಮ್ಯಾಲ ತೇಲ್ತು. ನನಗ ಸಿಟ್ಟು ನೆತ್ತಿಗೇರಿತ್ತು. “ತೆಲಂಗಾಣ ಬಂದೀತು, ಇದು ಮುಳಗಂಗಿಲ್ಲ. ಒಂದು ತಾಂಡೂರ ಕಲ್ಲು ಕಟ್ಟಿ ಒಗಿ ಅತ್ಲಾಗ” ಅಂದೆ. “ಕಲ್ಲು ಕಟ್ಟಿದ್ರ ಮುಳುಗಿಸಿದಂಗ, ಮುಳುಗಿದಂಗಲ್ಲ. ನೀರು ಕುಡದು ತಾನೇ ತಳದಾಗ ಕೂಡ್ತದ, ತೆಲಂಗಾಣಕ್ಕಿಂತ ಮೊದಲೇ ಕೂಡ್ತದ. ಸೋತಾವ ಮೀಸಿ ಬೋಳಿಸ್ಬೇಕು” ಅಂತ ಕೈ ಚಾಚಿದಿ. ಇಷ್ಟು ವರ್ಷ ಎಣ್ಣಿ ಹಚ್ಚಿ ಸಾಕಿದ ಮೀಸಿ ನಂದು. ಆದ್ರೂ ಕೈ ಕೊಟ್ಟೆ.

ಮುಷ್ಕರ ಮುಗೀತು, ಬಸ್ ಹೊರಬಿದ್ವು. ನೀ ಮಾತ್ರ ಒಂದಿನ ಮುಂಜಾನೆ ಎದಿ ಹಿಡ್ಕೊಂಡು ಕೂತಾವ ಮತ್ತ ಏಳಲಿಲ್ಲ. ಹಿಂಗ ಹೋಗ್ತಾರೇನಲೇ ಯಾರರ? ರಾಯಿಕೋಡ ಕಡಿ ನಿಮ್ಮೂರ ಹೊಳಿ ದಂಡ್ಯಾಗ ನಿನ್ನ ತಮ್ಮ ತಲಿ ಮೀಸಿ ಬೋಳಿಸ್ಕೊಳ್ಳಾಕ ಕೂತ. ಅವನ ಬಾಜೂಕ ನಾನೂ ಹೋಗಿ ಕೂತೆ. ನಿಮ್ಮ ಕಾಕಾ ನನ್ನ ರೆಟ್ಟಿ ಹಿಡಿದು, “ನೀ ಅವಗ ಏನಾಗ್ಬೇಕು? ಇದು ಮನಿಯವ್ರ ಕೆಲಸ, ಏಳಪಾ” ಅಂದ್ರು. ಎದ್ದು ಬಂದೆ.

ದಿನಕರ್ಮ ಮುಗದ ಮ್ಯಾಲ ವೈನಿ ಡ್ರಮ್ ತೋರಿಸಿ, “ಅಣ್ಣಾರ, ನಿಮ್ಮ ದೋಸ್ತನ ಕಟ್ಟಿಗಿ ಒಯ್ಯಿರಿ, ಇಲ್ಲಂದ್ರ ಒಲಿಗಿ ಹಾಕ್ತೀನಿ” ಅಂದ್ರು. ಹೆಂಗೂ ಮೀನಿನ ಪೆಟ್ಟಿಗಿದಾಗ ಉಳ್ಳಾಗಡ್ಡಿ ತುಂಬಿಟ್ಟಿದ್ರು. ಹಾಕ್ರಿ ಅಂದಿದ್ರ ಮುಗೀತಿತ್ತು, ನನ್ನ ಮೀಸಿ ಉಳೀತಿತ್ತು, ಯಾರು ಕೇಳವ್ರು? ಆದ್ರ ಹೊತ್ಕೊಂಡು ಬಂದು ನಮ್ಮ ಮನಿ ಡ್ರಮ್ಮಿನಾಗ ಬಿಟ್ಟೆ. ದಿನಾ ಡ್ಯೂಟಿಗಿ ಹೋಗೋ ಮುಂದ ಕೆಂಪು ನೀರು ಚೆಲ್ಲಿ ಹೊಸಾ ನೀರು ತುಂಬಿದೆ. ಮ್ಯಾಲ ಬಿಳಿ ಲೋಳಿ ಬಂತು, ಅದನ್ನೂ ತಿಕ್ಕಿ ತೊಳದೆ. ನಳದ ನೀರು ಬರದ ದಿನ ನನ್ನ ಹೆಂಡ್ತಿ ಕಡಿಂದ ಬೈಸ್ಕೊಂಡೆ. ನನ್ನ ಮೀಸಿ ನಾನೇ ಕೊಯ್ಕೊಳ್ಳಾಕ ನಾನೇ ನೀರು ಹೊತ್ತೆನಲೇ! ನನ್ನಂಥ ಹುಚ್ಚ ಯಾವನರ ಇದ್ದಾನೇನು?

ತೆಲಂಗಾಣ ಇನ್ನಾ ಬಂದಿಲ್ಲ. ದಿಲ್ಲಿಯವ್ರು ಇವತ್ತು ಹೂಂ ಅಂತಾರ, ನಾಳಿ ಊಹೂಂ ಅಂತಾರ.

ನಿನ್ನಿ ಮುಂಜಾನೆ ನೋಡಿದ್ರ ಡ್ರಮ್ಮಿನ ನೀರಿನ ಮ್ಯಾಲ ಕಟ್ಟಿಗಿ ಇಲ್ಲ. ಯಾವನೋ ಒಲಿಗಿ ಕದ್ದು ಒಯ್ದ ಅಂತ ಬಾಯಿ ಮಾಡಿದೆ. ಬೈತಾ ಬೈತಾ ಹೆಗಲ ತನ ಕೈ ಹಾಕಿದೆ. ತಳದಾಗ ಕೂತಿತ್ತು. ಕಲ್ಲಿಲ್ಲ, ಹಗ್ಗಿಲ್ಲ. ಎತ್ತಿ ಬಿಟ್ಟೆ, ಮತ್ತ ಹೋಗಿ ಕೂತ್ತು. ಸೂಳೇಮಗನಾ, ಗೆದ್ದಿ ನೀ! ನೋಡಾಕರ ಇರಬಾರದೇನಲೇ? ಯಾರ ಮುಂದ ಸೋಲ್ಲಿ ನಾ?

ಒದ್ದಿ ಬಟ್ಟಿ ಸುತ್ತಿ ನಿಮ್ಮ ಮನಿಗಿ ಒಯ್ದೆ. ವೈನಿ ಪೆಟ್ಟಿಗಿದಾಗಿನ ಉಳ್ಳಾಗಡ್ಡಿ ತೆಗದ್ರು, ಗಾಜು ಸೆರಗಿಲೇ ಒರಸಿದ್ರು. ಬೇರು ಇಟ್ಟು ನೀರು ತುಂಬಿದ್ವಿ. ನೀರು ತಿಳಿಯಾಗೇ ಅದ. ಬರೋ ಆಯ್ತಾರ ಮೀನು ತಂದು ಬಿಡ್ತೀನಿ, ಇದು ನನ್ನ ಮಾತು.

ಅಲ್ಲಿಂದ ಸೀದಾ ಬಸ್ ಸ್ಟ್ಯಾಂಡ್ ಹಿಂದಿನ ಕಟಿಂಗ್ ಅಂಗಡಿಗಿ ಹೋಗಿ, ಮೀಸಿ ತೆಗಿ ಅಂದೆ. ಅವ ಕತ್ತಿ ಕೆಳಗಿಟ್ಟು, ದನಿ ಸಣ್ಣದ ಮಾಡಿ, “ಯಾರು ಹೋದ್ರಿ?” ಅಂತ ಕೇಳಿದ.

“ನಮ್ಮ ಡ್ರೈವರ್” ಅಂದೆ.

ನೀ ಅವಗ ಏನಾಗ್ಬೇಕು ಅಂತ ಅವ ಕೇಳಲಿಲ್ಲ. ನೀರು ಹಚ್ಚಿದ.

ನಿನ್ನ ಬೋಳುಮಾರಿ ಕಂಡಕ್ಟರ್,
ಮಾರುತಿ