ಹಗುರಾಗಬೇಕಿದ್ದ ಸ್ಟಿಕ್

ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ

ಕ್ಯಾಪ್ಟನ್ ಸಾಹೇಬರಿಗೆ,

ಹಾಗೆ ಕರೆದರೆ ನಿಮಗೆ ಚುಚ್ಚುತ್ತದೆಂದು ಗೊತ್ತು. ಮೊದಲು ‘ರೀ’ ಎಂದು ಬರೆದು ಹೊಡೆದುಹಾಕಿದೆ. ಬೇರೆ ಬೇರೆ ಇರತೊಡಗಿ ಎರಡು ವರ್ಷವಾದ ಮೇಲೆ ಆ ಕರೆಯ ಮೇಲೆ ನನಗೆ ಹಕ್ಕಿದೆಯೋ ಇಲ್ಲವೋ ತಿಳಿಯಲಿಲ್ಲ. ನೀವು ಫೋನು ಎತ್ತುವುದಿಲ್ಲ. ಅದಕ್ಕೇ ಇದನ್ನು ನಿಮ್ಮ ತಮ್ಮನ ಕೈಯಲ್ಲಿ ಕಳಿಸುತ್ತಿದ್ದೇನೆ. ದಯವಿಟ್ಟು ಕೊನೆಯವರೆಗೂ ಓದಿ.

ನಮ್ಮ ಮಗಳು ಗುಬ್ಬಿ, ವಿಮಾನ ಹಾರಿಸುವ ಪರೀಕ್ಷೆಯಲ್ಲಿ ಮತ್ತೆ ಫೇಲಾದಳು. ಬರುವ ಗುರುವಾರ ಮೂರನೆಯ ಸಲ ಕೂರಬೇಕು. ಅದಕ್ಕಿಂತ ಹೆಚ್ಚು ಅವಕಾಶವನ್ನು ತರಬೇತಿ ಶಾಲೆಯವರು ಕೊಡುವುದಿಲ್ಲ. ಎರಡನೆಯ ಸಲ ಅವಳನ್ನು ಫೇಲು ಮಾಡಿದ್ದು ನಾನು.

ನೀವು ಅರ್ಧಕ್ಕೆ ಬಿಟ್ಟುಹೋದ ಪೆಟ್ಟಿಗೆ ನೆನಪಿದೆಯಲ್ಲ? ಕಣ್ಣಿನ ದೋಷಕ್ಕೆ ಲೈಸೆನ್ಸ್ ಹೋದಾಗ, ಕಂಪ್ಯೂಟರಿನಲ್ಲಾದರೂ ಹಾರೋಣವೆಂದು ಪ್ಲೈವುಡ್, ಕಾರಿನ ಎರಡು ವೈಪರ್ ಮೋಟಾರು, ಕಬ್ಬಿಣದ ಕೊಳವೆ ತಂದು ನೀವು ಕಟ್ಟತೊಡಗಿದ, ವಿಮಾನವನ್ನು ಏರಿಸಿ ಇಳಿಸುವ ಹಿಡಿಕೋಲು, ಸ್ಟಿಕ್. ಪರದೆಯ ಮೇಲೆ ವಿಮಾನ ಅಲುಗಿದರೆ ಕೈಗೂ ತಿಳಿಯಬೇಕು, ಮೋಟಾರು ತಿರುಗಿ ಕೈಯನ್ನು ತಳ್ಳಬೇಕು ಎನ್ನುತ್ತಿದ್ದಿರಿ. ನಾನು ನೆಂಟರೆದುರು ಅದನ್ನು ಇವರ ಆಟದ ಸಾಮಾನು ಎಂದೆ. ಎಲ್ಲರೂ ನಕ್ಕರು, ನೀವೂ ನಕ್ಕಿರಿ. ಮರುದಿನದಿಂದ ಅದನ್ನು ಮುಟ್ಟಲಿಲ್ಲ.

ಗುಬ್ಬಿ ಮೊದಲ ಸಲ ಫೇಲಾದಾಗ ಅದರ ಮೇಲೆ ಹೊದಿಸಿದ್ದ ಬೆಡ್‌ಶೀಟ್ ತೆಗೆದೆ. ನಿಮ್ಮ ನೋಟ್‌ಬುಕ್ ನೋಡಿ ತಂತಿ ಜೋಡಿಸಿದೆ. ನಾನು ಬೆಸುಗೆ ಹಾಕಲು ಕಲಿತದ್ದಕ್ಕೆ ಊಟದ ಮೇಜಿನ ಮೇಲೆ ಏಳು ಸುಟ್ಟ ಕಲೆಗಳಿವೆ. ಸೈಕಲ್ ಅಂಗಡಿಯವನು ಚೈನು ತುಂಡು ಮಾಡಿಕೊಡುತ್ತಾ, ಏನ್ ಮೇಡಂ, ಸೈಕಲ್ಲಿಗೆ ರೆಕ್ಕೆ ಕಟ್ತೀರಾ ಎಂದ. ಎಲ್ಲ ಆಯಿತು, ಒಂದನ್ನು ಬಿಟ್ಟು. ಯಾವ ವೇಗಕ್ಕೆ ಸ್ಟಿಕ್ ಎಷ್ಟು ಭಾರವಿರಬೇಕೆಂಬ ಪುಟವನ್ನು ನೀವು ಖಾಲಿ ಬಿಟ್ಟಿದ್ದಿರಿ. ನಾನು ಓಡಿಸಿರುವುದು ನಮ್ಮ ಹಳೆಯ ಕಾರನ್ನು ಮಾತ್ರ. ಅದರ ಸ್ಟೀರಿಂಗು ನಿಂತಲ್ಲಿ ತಿರುಗಿಸಿದರೆ ತೋಳು ಕಿತ್ತುಬರುವಷ್ಟು ಭಾರ, ವೇಗ ಹೆಚ್ಚಿದಂತೆ ಹಗುರ. ಸ್ಟಿಕ್ಕಿಗೂ ಹಾಗೆಯೇ ಇಟ್ಟೆ. ಯಾರನ್ನೂ ಕೇಳಲಿಲ್ಲ. ವಿಮಾನದಲ್ಲಿ ಇದು ತದ್ವಿರುದ್ಧ, ವೇಗ ಕುಸಿದಾಗ ಸ್ಟಿಕ್ ಜೀವವಿಲ್ಲದಂತೆ ಸಡಿಲವಾಗುತ್ತದೆ, ಆ ಸಡಿಲವೇ ಎಚ್ಚರಿಕೆ ಎಂದು ನನಗೆ ಗೊತ್ತಾದದ್ದು ಪರೀಕ್ಷಕರ ಟಿಪ್ಪಣಿ ಓದಿದಾಗ.

ವಾರಕ್ಕೊಂದು ಗಂಟೆ ನಿಜವಾದ ವಿಮಾನ, ದಿನಕ್ಕೆ ಮೂರು ಗಂಟೆ ನನ್ನ ಪೆಟ್ಟಿಗೆ. ಮೇಲೆ ಹಾರುವಾಗ ಸ್ಟಿಕ್ ಹಗುರಾದಾಗಲೆಲ್ಲ, ಪಕ್ಕದ ಸೀಟಿನಲ್ಲಿ ಜೋಡಿ ಸ್ಟಿಕ್ ಹಿಡಿದ ಶಿಕ್ಷಕರೇ ಭಾರ ಹೊತ್ತಿದ್ದಾರೆ ಅಂದುಕೊಂಡಳಂತೆ. ಪೆಟ್ಟಿಗೆಯನ್ನು ಅಷ್ಟೊಂದು ನಂಬಿದ್ದೇಕೆ ಎಂಬುದು ಬೇರೆ ಮಾತು. ಪರೀಕ್ಷೆಯ ದಿನ ವಿಮಾನ ಮೂಗು ಕೆಳಗೆ ಮಾಡಿ ಬೀಳತೊಡಗಿದಾಗ ಪರೀಕ್ಷಕರೇ ಕೈಹಾಕಿ ಉಳಿಸಿದರು. ಮನೆಗೆ ಬಂದು ಶೂ ಬಿಚ್ಚದೆ ಕೂತು ಅವಳು ಹೇಳಿದ್ದಿಷ್ಟು: “ಅದು ಗಟ್ಟಿಯಾಗ್ಲೇ ಇಲ್ಲಮ್ಮ. ಗಟ್ಟಿಯಾಗುತ್ತೆ ಅಂತ ಕಾಯ್ತಾನೇ ಇದ್ದೆ.”

ತಪ್ಪು ಪೆಟ್ಟಿಗೆಯದೆಂದು ನಾನಿನ್ನೂ ಹೇಳಿಲ್ಲ. ಅಪ್ಪನ ಕೈಗುಣ ತನಗೆ ಬಂದಿಲ್ಲ ಅಂದುಕೊಂಡಿದ್ದಾಳೆ, ಅಂದುಕೊಳ್ಳಲು ಬಿಟ್ಟಿದ್ದೇನೆ. ಎಂಥ ತಾಯಿ ನೀನು ಎಂದು ನೀವು ಕೇಳುವ ಮೊದಲೇ ನಾನು ಕೇಳಿಕೊಂಡಾಗಿದೆ.

ಮೋಟಾರು ನಡೆಸುವ ಪ್ರೋಗ್ರಾಮಿನ ಅಂಕಿಗಳನ್ನು ಈಗ ತಿರುವಿಟ್ಟಿದ್ದೇನೆ. ಆದರೆ ಎಷ್ಟು ಹಗುರ? ನಲವತ್ತು ಕೊಟ್ಟರೆ ಬೆಣ್ಣೆ, ಅರವತ್ತು ಕೊಟ್ಟರೆ ತುಕ್ಕುಹಿಡಿದ ಚಿಲಕ. ಮತ್ತೆ ತಪ್ಪಿದರೆ ಹೋಗುವುದು ಪರೀಕ್ಷೆಯೊಂದೇ ಅಲ್ಲ. ಮುಂದೆಂದಾದರೂ ಪಕ್ಕದಲ್ಲಿ ಯಾರೂ ಇಲ್ಲದಾಗ... ಈ ವಾಕ್ಯ ನನ್ನಿಂದ ಮುಗಿಯುವುದಿಲ್ಲ. ಆ ಭಾರ ನಿಮ್ಮ ಕೈಗೆ ಗೊತ್ತು. ಇದಕ್ಕೆ ಕಣ್ಣು ಬೇಡ. ಒಂದೇ ಒಂದು ಮಧ್ಯಾಹ್ನ ಬಂದು ಹಿಡಿದು ನೋಡಿ, ಇಷ್ಟು ಎನ್ನಿ. ನನ್ನೊಡನೆ ಮಾತಾಡಬೇಕಿಲ್ಲ. ನಾನು ಅಡುಗೆಮನೆಯಲ್ಲೇ ಇರುತ್ತೇನೆ.

ಇಂತಿ,
ಆಟದ ಸಾಮಾನು ಎಂದವಳು

ತಾ.ಕ.: ವಿಮಾನವನ್ನು ಬಿಟ್ಟು ಪೆಟ್ಟಿಗೆಯನ್ನು ಅವಳು ಏಕೆ ನಂಬಿದಳೆಂದು ನೀವು ಕೇಳಿಯೇ ಕೇಳುತ್ತೀರಿ. ಕೆಲಸ ಮುಗಿದ ದಿನ ಅವಳಿಗೊಂದು ಸುಳ್ಳು ಹೇಳಿದೆ. ಅವಳು ತರಗತಿಗೆ ಹೋಗಿದ್ದಾಗ ನೀವು ಬಂದು, ಸ್ಟಿಕ್ಕಿನ ಭಾರವನ್ನು ನಿಮ್ಮ ಕೈಯಾರೆ ಹೊಂದಿಸಿ ಹೋದಿರಿ ಎಂದು. ಅಂದಿನಿಂದ, ಸ್ವಿಚ್ ಹಾಕುವ ಮೊದಲು ಅವಳು ಅದರ ಹಿಡಿಯನ್ನು ಸ್ವಲ್ಪ ಹೊತ್ತು ಸುಮ್ಮನೆ ಹಿಡಿದುಕೊಂಡಿರುತ್ತಾಳೆ. ಇವತ್ತು ಅವಳು ಮನೆಗೆ ಬಂದೊಡನೆ ನಿಜ ಹೇಳುತ್ತೇನೆ. ಆಮೇಲೆ, ಅಪ್ಪ ಬರುತ್ತಾರೆ ಎಂದು ನಾನು ಹೇಳಿದರೂ ಅವಳು ನಂಬಲಾರಳು. ಆದ್ದರಿಂದ ಹೇಳಿಕಳಿಸಬೇಡಿ. ಬಂದುಬಿಡಿ.